ಎಸಿ ಪೈಪಿನ ಎರಡು ತುದಿ

ನಮ್ಮ ಹಳೆಯ ಕಾರಿನ ಎಸಿ ಕೆಟ್ಟದ್ದು ಅವ್ವನಿಗೆ ಹೃದಯದ ಆಪರೇಶನ್ ಆದ ಬೇಸಿಗೆಯಲ್ಲಿ. ಬಿಸಿಲಿಗೆ ಹೋಗಕೂಡದೆಂದು ಸೊಲ್ಲಾಪುರದ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅದೇ ಹೊತ್ತಿಗೆ ನಂದೇಶ್ವರದಲ್ಲಿ ದೊಡ್ಡವ್ವ, ಅವ್ವನ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದಳು. ಅಕ್ಕಲಕೋಟೆಯಿಂದ ಅಲ್ಲಿಗೆ ಹೋಗಿಬರುವುದೆಂದರೆ ಇಡೀ ದಿನದ ಬಿಸಿಲು.

ಬಾಡಿಗೆ ಕಾರು ತರುತ್ತೇನೆಂದರೆ ಅವ್ವ ಒಪ್ಪಲಿಲ್ಲ. "ಅಕ್ಕನ ಬಾಜೂಕ ಕುಂತೆ ಅಂದ್ರ ಡ್ರೈವರ್ ಹಾರ್ನ್ ಹೊಡೀತಾನ. ನಾ ಮನಸ್ಸು ತುಂಬೂ ತನಕ ಕೂಡಾಕಿ."

ಮೊಂಡುತನ ನಮ್ಮ ಮನೆತನದ ಆಸ್ತಿ; ನನಗೂ ಪಾಲು ಬಂದಿದೆ. ಎಸಿಯ ಗ್ಯಾಸ್ ಒಯ್ಯುವ ರಬ್ಬರ್ ಪೈಪು ಬಿರಿದಿತ್ತು. ಆ ಮಾದರಿಯ ಕಾರಿನ ತಯಾರಿಕೆಯೇ ನಿಂತುಹೋಗಿದ್ದರಿಂದ ಹೊಸದು ಎಲ್ಲೂ ಸಿಗಲಿಲ್ಲ. "ಗಾಡಿ ಮಾರಿಬಿಡ್ರಿ" ಎಂದ ಮೆಕ್ಯಾನಿಕ್. ಪೈಪನ್ನು ನಾನೇ ಮಾಡುತ್ತೇನೆ ಎಂದೆ. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಅಂಗಡಿಯೊಂದರಲ್ಲಿ ಎಸಿ ಪೈಪನ್ನು ಬಟ್ಟೆಯಂತೆ ಅಳೆದು ಕತ್ತರಿಸಿ ಕೊಟ್ಟರು. ತುದಿಗೆ ತೊಡಿಸುವ ಲೋಹದ ಬಳೆಗಳನ್ನೂ ಅವನ್ನು ಬಿಗಿಯುವ ಕೈಪ್ರೆಸ್ಸನ್ನೂ ತಂದೆ.

ಅಂಗಳದಲ್ಲಿ ಕೆಲಸ ಹೂಡಿದೆ. ಹಳೆಯ ಪೈಪಿನ ಲೋಹದ ಮೂತಿಗಳನ್ನು ಬಿಡಿಸಿ ತೊಳೆದು, ಹೊಸ ಪೈಪಿನ ಒಂದು ತುದಿಯನ್ನು ಒಬ್ಬನೇ ಬಿಗಿದು ಮುಗಿಸಿದೆ. ಇನ್ನೊಂದಕ್ಕೆ ಕೈ ಸಾಲದೆ ಹೆಂಡತಿಯನ್ನು ಕರೆದೆ. ಅವಳು ಸೊಲ್ಲಾಪುರದ ಮರಾಠಿ ಮನೆಯವಳು. ಅವಳು ಪೈಪನ್ನು ಮೂತಿಗೆ ಏರಿಸುತ್ತಿದ್ದಳು, ನಾನು ಪ್ರೆಸ್ಸು ಹಿಡಿದಿದ್ದೆ. ಸಾಕೆನಿಸಿದಾಗ "ಆತ, ಆತ" ಎಂದೆ, ಆಯಿತು ಬಿಡು ಎಂಬರ್ಥದಲ್ಲಿ. ಅವಳು ಹಲ್ಲು ಕಚ್ಚಿ ಇನ್ನೂ ನೂಕಿದಳು. ಮತ್ತೆ "ಆತ" ಎಂದೆ. ಮತ್ತೆ ನೂಕಿದಳು. ಸಿಟ್ಟಿನಲ್ಲಿ ಪ್ರೆಸ್ಸು ಒತ್ತಿಯೇಬಿಟ್ಟೆ. ಒಮ್ಮೆ ಒತ್ತಿದ ಬಳೆ ಮತ್ತೆ ಸಡಿಲುವುದಿಲ್ಲ.

"ಕಿವಿ ಎಲ್ಲಿಟ್ಟೀದಿ?" ಎಂದೆ.

"ತುಮ್ಹೀಚ್ ಮ್ಹಣಾಲಾತ್, ಆತ," ಎಂದಳು. ನೀವೇ ಹೇಳಿದಿರಲ್ಲ, ಒಳಗೆ ಅಂತ. ಮರಾಠಿಯಲ್ಲಿ ಆತ ಎಂದರೆ ಒಳಗೆ. ಇಷ್ಟು ವರ್ಷ ಊಟ ಆತ, ಸ್ನಾನ ಆತ ಎಂದರೆ ತಿಳಿಯುತ್ತಿದ್ದವಳಿಗೆ ಪೈಪು ಕೈಗೆ ಬಂದಾಗ ತವರಿನ ಮಾತೇ ಕೇಳಿಸಿತ್ತು.

ಬಳೆಯಲ್ಲೊಂದು ಸಣ್ಣ ತೂತಿರುತ್ತದೆ. ಪೈಪು ಪೂರ್ತಿ ಒಳಹೋಗಿದ್ದರೆ ಅದರಲ್ಲಿ ಕಪ್ಪು ರಬ್ಬರ್ ಕಾಣಬೇಕು. ಅವಳು ನೂಕಿದ ತುದಿಯಲ್ಲಿ ಕಂಡಿತು. ನಾನೊಬ್ಬನೇ ಮುಗಿಸಿದ ತುದಿಯಲ್ಲಿ ಏನೂ ಇಲ್ಲ. ಅದನ್ನೇ ಜೋಡಿಸಿದ್ದರೆ ದಾರಿಯಲ್ಲಿ ಗ್ಯಾಸ್ ಹಾರಿಹೋಗಿ ಅವ್ವ ನಡುಬಿಸಿಲಿಗೆ ಸಿಕ್ಕುತ್ತಿದ್ದಳು. ಆ ತುದಿಯನ್ನು ಕತ್ತರಿಸಿ, ಬೇರೆ ಬಳೆ ತೊಡಿಸಿ, ಈ ಸಲ ಅವಳ ಅರ್ಥದಲ್ಲೇ ನೂಕಿದೆವು.

ಮೆಕ್ಯಾನಿಕ್ ಸೋರಿಕೆ ಇಲ್ಲವೆಂದು ನೋಡಿ ಗ್ಯಾಸ್ ತುಂಬಿದ. ಮರುದಿನ ಹೊರಟೆವು. ಅವ್ವ ದಾರಿಯುದ್ದಕ್ಕೂ ಎಸಿಯ ಗಾಳಿಗೆ ಕೈಯೊಡ್ಡಿಕೊಂಡು ಕೂತಿದ್ದಳು. ನಂದೇಶ್ವರದಲ್ಲಿ ಬಾಗಿಲಿಗೇ ಕಾರು ನಿಲ್ಲಿಸಿದೆ. ದೊಡ್ಡವ್ವ ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಅವ್ವ ಪಕ್ಕದಲ್ಲಿ ಕೂತು ಅವಳ ಹಣೆಯ ಮೇಲೆ ಕೈಯಿಟ್ಟಳು.

"ಎಷ್ಟು ತಣ್ಣಗದ," ಎಂದಳು ದೊಡ್ಡವ್ವ, ಕಣ್ಣು ತೆರೆಯದೆ. "ಯಾರದಿದ್ರೂ ಇರಲಿ, ತಗೀಬ್ಯಾಡ."

ಅವ್ವ ಸಂಜೆಯ ತನಕ ತೆಗೆಯಲಿಲ್ಲ.