ಬಂಗಡೆ ಸಾರಿನ ಜೊತೆ ಮಾತ್ರೆ

ಬರಿಹೊಟ್ಟೆಗೆ ಮಾತ್ರೆ ಕೊಡುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ ಎಂದು ಕಾರವಾರದ ಡಾಕ್ಟರು ಹೇಳಿದ್ದರೂ, ಗಂಡನ ಪಾರ್ಕಿನ್ಸನ್ ಮಾತ್ರೆಯನ್ನು ನಾನು ಮೂರು ವರ್ಷ ಅನ್ನ, ಬಂಗಡೆ ಸಾರಿನ ಮೇಲೆಯೇ ನುಂಗಿಸಿದೆ. ಅವರ ಕೈ ನಡುಗಿದಷ್ಟೂ ಒಂದು ತುಂಡು ಮೀನು ಹೆಚ್ಚು ಬಡಿಸಿದೆ. ಕೇಣಿಯಿಂದ ಬುಟ್ಟಿ ಹೊತ್ತು ಬರುವ ಮೀನಿನವಳೂ, “ತಿನ್ಸು ತಂಗಿ, ನರಕ್ಕೆ ಶಕ್ತಿ ಬತ್ತದೆ” ಎನ್ನುತ್ತಿದ್ದಳು.

ಅವರು ಮಾತ್ರ ಮರಗಟ್ಟುತ್ತಲೇ ಹೋದರು. ಅಂಗಿಯ ಗುಂಡಿ ಹಾಕಲು ಕಾಲು ಗಂಟೆ, ಹೊಸಿಲು ದಾಟಲು ಇನ್ನೊಂದು ಕಾಲು ಗಂಟೆ. ಮೀಯಿಸುವುದು, ಉಣಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ನನ್ನ ಪಾಲಿಗೆ. ಸಾಕಪ್ಪಾ ಸಾಕು ಎಂದು ಅವರಿಗೆ ಕೇಳಿಸುವಂತೆಯೇ ಅಂದದ್ದುಂಟು.

ಕಳೆದ ತಿಂಗಳು ಅವರನ್ನು ಅಂಕೋಲೆಯಿಂದ ಮತ್ತೆ ಕಾರವಾರಕ್ಕೆ ಕರೆದೊಯ್ದೆ. ಪರೀಕ್ಷೆ ಮುಗಿದು ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದಮೇಲೆ, ಮಾತ್ರೆ ಹೇಗೆ ಕೊಡುತ್ತೀರಿ ಎಂದು ಡಾಕ್ಟರು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮೆದುಳಿನಲ್ಲಿ ಡೋಪಮಿನ್ ಎಂಬುದನ್ನು ತಯಾರಿಸುವ ಜೀವಕೋಶಗಳು ಸಾಯುತ್ತವಂತೆ, ಅದಿಲ್ಲದೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲವಂತೆ. ಮಾತ್ರೆ ಆ ಕೊರತೆ ತುಂಬಬೇಕು. ಆದರೆ ಮೀನಿನ ಪ್ರೋಟೀನೂ ಮಾತ್ರೆಯೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಮೀನು ಒಳಗೆ ಹೋಗುತ್ತದೆ, ಮಾತ್ರೆ ಹೊರಗೆ ಉಳಿಯುತ್ತದೆ.

“ಹಂಗಾರೆ ಈ ಕಾಯ್ಲೆ ನನ್ನಿಂದ್ಲೇ ಬಂತಾ?” ಎಂದೆ.

“ಇಲ್ಲಮ್ಮ. ವಯಸ್ಸು, ವಂಶ, ಕೆಲವರಿಗೆ ಗದ್ದೆಗೆ ಹೊಡೆಯೋ ಔಷಧಿ. ಇವರಿಗೆ ಯಾವುದರಿಂದ ಅಂತ ಯಾರೂ ಹೇಳೋಕಾಗೋದಿಲ್ಲ.”

ನಮ್ಮ ತರಕಾರಿ ಗದ್ದೆಯ ಔಷಧಿಯನ್ನು ಗಂಡ ಬಕೆಟ್ಟಿನಲ್ಲಿ ಬರಿಗೈಯಲ್ಲೇ ಕದಡುತ್ತಿದ್ದರು. ನೀರು ಹೊಯ್ದವಳು ನಾನು. ನನ್ನ ಕೈ ಗಟ್ಟಿಯಾಗಿಯೇ ಇದೆ. ಯಾರನ್ನು ಬೈಯಲಿ? ಕಾಯಿಲೆಯ ಕಾರಣ ದೇವರಿಗೇ ಗೊತ್ತು, ಮೂರು ವರ್ಷದ ಮಾತ್ರೆಯನ್ನಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿದವಳು ನಾನೇ.

ಹೊರಗೆ ಬಂದು ಅವರ ಪಕ್ಕ ಕೂತು ಎಲ್ಲ ಹೇಳಿದೆ. “ನಿಮ್ಮ ನಡಿಗೆ ಹಾಳು ಮಾಡಿದವ್ಳು ನಾನೇ” ಎಂದೆ. ಈ ಕಾಯಿಲೆಯಲ್ಲಿ ಮುಖವೂ ಬಿಗಿದುಹೋಗುತ್ತದೆ. ಸಿಟ್ಟೋ ಕನಿಕರವೋ ಏನೂ ಕಾಣಲಿಲ್ಲ. ಆ ಮುಖ ನೋಡಿಯೇ ಮೂವತ್ತೆರಡು ವರ್ಷ ಸಂಸಾರ ಮಾಡಿದವಳು ನಾನು. ಆಮೇಲೆ ತುಟಿ ಅಲುಗಿತು. ಕಿವಿಯನ್ನು ಹತ್ತಿರ ಒಯ್ದೆ.

“ಸಾರು ಚಲೋ ಇರ್ತಿತ್ತು, ಮಾರಾಯ್ತಿ” ಅಂದರು.