ಗುಲಾಬಿ ಬೆಳಕನ್ನು ನೀಲಿ ಅಂದವನು

ಪಕ್ಕದ ಖಾಲಿ ಜಾಗದಲ್ಲಿ ಏಳಂತಸ್ತಿನ ಕಟ್ಟಡ ಎದ್ದ ಮೇಲೆ ನಾಸಿಕದ ನಮ್ಮ ನೆಲಮಹಡಿಯ ಮನೆಗೆ ಬಿಸಿಲು ಬರುವುದೇ ನಿಂತಿತು. ಮೊದಲು ಕರಿಬೇವು ಎಲೆ ಉದುರಿಸಿತು. ಆಮೇಲೆ ದೊಡ್ಡಪತ್ರೆ ಬಿಳಿಚಿಕೊಂಡು, ಕಿಟಕಿಯತ್ತ ಕುತ್ತಿಗೆ ಚಾಚಿದಂತೆ ಉದ್ದಕ್ಕೆ ಬೆಳೆಯತೊಡಗಿತು. ಬೀದರಿನ ತವರಿನಿಂದ ತಂದ ಬಿಲ್ವದ ಸಸಿಯಲ್ಲಿ ಮೂರೇ ಮೂರು ದಳ ಉಳಿದಾಗ ನನಗೆ ತಡೆಯಲಾಗಲಿಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ, ಒಳಾಂಗಣದ ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ದೀಪದ ಪಟ್ಟಿಯೊಂದನ್ನು ತರಿಸಿದಳು.

ಅದನ್ನು ಗೋಡೆಗೆ ಕೂಡಿಸಲು ಬಂದವನು ನನ್ನ ತಮ್ಮ. ಛತ್ರಪತಿ ಸಂಭಾಜಿನಗರದಲ್ಲಿ ಅವನ ಮನೆ, ಅಲ್ಲೇ ಹತ್ತಿರದ ಬಿಡಕಿನ್ನಿನ ಹೊಸ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಅವ್ವ ಅವನ ಜೊತೆಗೇ ಇದ್ದಾಳೆ. ಭಾನುವಾರ ಮಧ್ಯಾಹ್ನ ಡ್ರಿಲ್ ಮಷೀನು ಹಿಡಿದುಕೊಂಡೇ ಬಂದ. ಗಿಡಗಳ ನೆತ್ತಿಯಿಂದ ಒಂದು ಗೇಣು ಮೇಲಕ್ಕೆ ದೀಪವನ್ನು ಸರಪಳಿಯಲ್ಲಿ ತೂಗುಹಾಕಿ ಗುಂಡಿ ಒತ್ತಿದ. ಕೋಣೆಯೆಲ್ಲ ಒಮ್ಮೆಲೇ ಗುಲಾಬಿಯಾಯಿತು. ಗೋಡೆ, ಸ್ಟೀಲಿನ ಲೋಟ, ಮಗಳ ಹಲ್ಲು ಎಲ್ಲವೂ ಗುಲಾಬಿ. ತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಹೆಮ್ಮೆಯಿಂದ ನೋಡಿದ.

"ಭಾಳ ಛಲೋ ಅದ ನೋಡಕ್ಕಾ, ಈ ನೀಲಿ ಬೆಳಕು."

ಮಗಳು ನಕ್ಕು, ನೀಲಿ ಎಲ್ಲಿದೆ ಎಂದು ಮರಾಠಿಯಲ್ಲೇ ಕೇಳಿದಳು. "ಮಾಮಾ, ನೀಲಿ ಕುಠೆ? ಗುಲಾಬೀ ಆಹೇ ನಾ!"

ಅವನೂ ನಕ್ಕ. ಆದರೆ ಆ ನಗು ತಡವಾಗಿ ಬಂತು. ಮಾಮಾ ತಮಾಷೆ ಮಾಡುತ್ತಿದ್ದಾನೆಂದು ತಿಳಿದ ಮಗಳು, ಅಡುಗೆಮನೆಯಿಂದ ಒಂದು ಹಣ್ಣಾದ ಟೊಮೆಟೊ, ಒಂದು ಕಾಯಿ ತಂದು, ಅವನನ್ನು ಹೊರಬಾಗಿಲ ಬೆಳಕಿಗೆ ಎಳೆದೊಯ್ದು ಮುಂದೆ ಹಿಡಿದಳು. "ಯಾವ್ದು ಕೆಂಪು ಹೇಳು." ಅವನು ಎರಡನ್ನೂ ಬೆರಳಿನಿಂದ ಒತ್ತಿ ನೋಡಿದ. ಒತ್ತಿ ನೋಡಿದ ಮೇಲೆಯೇ ಸರಿಯಾದುದನ್ನು ತೋರಿಸಿದ. ಅವನ ಹಣೆಯಲ್ಲಿ ಬೆವರು ಮೂಡಿದ್ದನ್ನು ಕಂಡು ನಾನು ಮಗಳನ್ನು ಹಾಲು ತರಲು ಅಂಗಡಿಗೆ ಕಳಿಸಿದೆ.

"ನಿನಗ ಬಣ್ಣ ಕಾಣಂಗಿಲ್ಲೇನೋ?"

ಅವನು ಡ್ರಿಲ್ಲಿನ ವಾಯರನ್ನು ಮೊಣಕೈಗೆ ಸುತ್ತುತ್ತ ಕುಳಿತ. "ಕಾಣತಾವ. ನಿಮಗ ಕಂಡಂಗ ಕಾಣಂಗಿಲ್ಲ. ಕೆಂಪು, ಹಸರು ಎರಡೂ ಕೂಡಿಬಿಡತಾವ. ರೇಲ್ವೆ ಮೆಡಿಕಲ್ ದಿನಾನೇ ಗೊತ್ತಾತು."

ಅವನು ಇಪ್ಪತ್ತರ ಹುಡುಗನಿದ್ದಾಗ ರೈಲು ಎಂಜಿನ್ ಚಾಲಕರ ಸಹಾಯಕನ ನೌಕರಿಗೆ ಬರವಣಿಗೆಯ ಪರೀಕ್ಷೆ ಪಾಸು ಮಾಡಿದ್ದ. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ್ದರು. ವೈದ್ಯಕೀಯ ತಪಾಸಣೆಗೆಂದು ಹೋದವನು ಎರಡು ದಿನಕ್ಕೆ ತಿರುಗಿ ಬಂದು, "ನನಗ ಆ ನೌಕರಿ ಬ್ಯಾಡ. ಮೆಡಿಕಲ್‌ಗೆ ಹೋಗಲಿಲ್ಲ" ಎಂದಷ್ಟೇ ಹೇಳಿದ. ಅಪ್ಪ ಆಮೇಲೆ ಅವನೊಡನೆ ಸರಿಯಾಗಿ ಮಾತಾಡಲೇ ಇಲ್ಲ, ಸಾಯುವವರೆಗೂ.

"ಚುಕ್ಕಿ ಚುಕ್ಕಿ ಇರೋ ಪುಸ್ತಕ ತೋರಿಸಿದ್ರು," ಎಂದ ತಮ್ಮ. "ನನ್ನ ಹಿಂದ ನಿಂತವ್ರು ಎಲ್ಲಾರೂ ಅದರಾಗಿನ ನಂಬರ್ ಪಟಪಟ ಓದಿದ್ರು. ನನಗ ಬರೇ ಚುಕ್ಕಿ ಕಂಡ್ವು. ಡಾಕ್ಟರ್ ಮೂರು ಸಲ ಕೇಳಿದ್ರು, ಪಾಪ."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲ?"

"ಆವಾಗ ಕಲಬುರಗಿಯವ್ರು ನಿನ್ನ ನೋಡ್ಲಿಕ್ಕ ಬರೋರಿದ್ರಲ್ಲಕ್ಕಾ. ಹುಡುಗಿ ತಮ್ಮಗ ಕಣ್ಣಿನ ಐಬು ಅದ ಅಂದ್ರ ಅವ್ರು ಒಪ್ಪತಿದ್ರೇನು? ಲಗ್ನ ಆದ ಮ್ಯಾಲ ಹೇಳೋಣ ಅಂದ್ಕೊಂಡೆ. ಅಷ್ಟರಾಗ ಎಲ್ಲಾರೂ ನನ್ನ ಕೆಲಸಗಳ್ಳ ಅಂತ ನಂಬಿಬಿಟ್ಟಿದ್ರಿ."

ಹೌದು, ನಾನೂ ನಂಬಿದ್ದೆ. ಅದೇ ಕಲಬುರಗಿಯವರ ಮಗನನ್ನು, ಓಝರ್ ಬಳಿಯ ವಿಮಾನ ಕಾರ್ಖಾನೆಯ ತಂತ್ರಜ್ಞನನ್ನು ಮದುವೆಯಾಗಿ ನಾಸಿಕಕ್ಕೆ ಬಂದ ಹೊಸದರಲ್ಲಿ ನಾನು ಅವನಿಗೆ ಒಂದು ಪತ್ರ ಬರೆದಿದ್ದೆ. 'ಅಪ್ಪನ ಮುಖಕ್ಕೆ ಮಸಿ ಬಳಿದೆ. ನಿನ್ನನ್ನು ತಮ್ಮ ಎನ್ನಲು ಗಂಡನ ಮನೆಯಲ್ಲಿ ನಾಚಿಕೆಯಾಗುತ್ತದೆ.' ಅದನ್ನು ಬರೆದ ಕೈ ಇದೇ. ಯಾವ ಗಂಡನ ಮನೆಗೆಂದು ಅವನು ಬಾಯಿ ಮುಚ್ಚಿಕೊಂಡನೋ ಅದೇ ಮನೆಯಲ್ಲಿ ಕುಳಿತು ಬರೆದಿದ್ದೆ.

"ಆ ಪತ್ರ..." ಎಂದೆ.

"ಅದ, ಟ್ರಂಕಿನಾಗ."

"ಹರದು ಒಗೀಬೇಕಿತ್ತೋ!"

"ನೀ ನನಗ ಬರದ ಪತ್ರ ಅದೊಂದೇ, ಅಕ್ಕಾ."

ನಾನು ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ತಿಳಿವು ಬೇಕು; ನನಗೆ ಏನೂ ತಿಳಿಯದಂತಾಗಿತ್ತು. ಮಗಳು ಹಾಲು ತಂದಳು, ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ. ಅವನು ಹಾಗೇ ಕುಡಿದ. ಹೊರಡುವಾಗ, "ಅವ್ವಗ ನೀನೇ ಹೇಳು. ನನ್ನ ಕಡಿಂದ ಆಗಂಗಿಲ್ಲ" ಎಂದ.

ಮುಂದಿನ ಭಾನುವಾರ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದೆ. ಅವ್ವ ನೆಲದ ಮೇಲೆ ಕುಳಿತು ಮೆಂತೆ ಸೋಸುತ್ತಿದ್ದಳು. ತಮ್ಮ ಬಾಗಿಲ ಬಳಿ, ಅವನ ಹೆಂಡತಿ ಒಲೆಯ ಬಳಿ ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವ್ವ ಕೇಳುತ್ತ ಕೇಳುತ್ತ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ನಮ್ಮಪ್ಪಗೂ ಹಂಗೇ ಇತ್ತಲ್ಲವಾ," ಎಂದಳು ಮೆಲ್ಲಗೆ. "ಮೆಣಸಿನಕಾಯಿ ಹಣ್ಣಾಗ್ಯಾವೋ ಇಲ್ಲೋ ಅಂತ ಮುಟ್ಟಿ ನೋಡ್ತಿದ್ದ. ನಾವು ಹುಡುಗ್ರು ಎಲ್ಲಾ ನಗ್ತಿದ್ವಿ. ನನ್ನ ಹೊಟ್ಟ್ಯಾಗಿಂದ ಇವಗ ಬಂದಿರಬೇಕಂತ ನನಗ ಯಾವತ್ತೂ ಹೊಳೀಲೇ ಇಲ್ಲ."

ನಾನು ತಮ್ಮನ ಹೆಂಡತಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದಳು. "ನನಗ ಗೊತ್ತಿತ್ತು ರೀ. ಲಗ್ನಾದ ಎರಡನೇ ವಾರಕ್ಕ ಹೇಳಿದ್ರು. ಅವ್ರ ಅಂಗಿ ಎಲ್ಲಾ ನಾನೇ ಆರಿಸ್ತೀನಿ."

"ನನಗ್ಯಾಕ ಹೇಳಲಿಲ್ಲ?" ಎಂದು ಅವ್ವ ಚೀರಿದಳು. ಅವಳು ಹಾಗೆ ಚೀರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಒಂದು ಮಾತು ಅಂದಿದ್ರ ನಿಮ್ಮಪ್ಪಗ ತಿಳಿಸಿ ಹೇಳ್ತಿದ್ದೆ! ಅವ್ರು ಮಗ ಕೆಲಸಗಳ್ಳ ಅಂತ ತಿಳಕೊಂಡೇ ಹೋದ್ರಲ್ಲೋ!"

ತಮ್ಮ ಬಂದು ಅವಳ ಪಕ್ಕದಲ್ಲಿ ಕುಳಿತ. ಉಳಿದ ಮೆಂತೆಯನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಎಲೆ ಬಿಡಿಸತೊಡಗಿದ. ಅವ್ವ ಬಹಳ ಹೊತ್ತು ಅವನ ಕೈಗಳನ್ನೇ ನೋಡುತ್ತಿದ್ದಳು.

ಸಂಜೆ ಅವನು ನನ್ನನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡಲು ಹೊರಟ. ಚೌಕದ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಹಿಂದಿನಿಂದ ಕೇಳಿದೆ: "ಇದು ಹ್ಯಾಂಗ ತಿಳೀತದೋ ನಿನಗ?"

"ಮ್ಯಾಲಿಂದು ಹತ್ತಿದ್ರ ನಿಲ್ಲೂದು, ಕೆಳಗಿಂದು ಹತ್ತಿದ್ರ ಹೋಗೂದು," ಎಂದ.

ಕೆಳಗಿನದು ಹತ್ತಿತು. ನಾನು ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.