ಅತ್ತೆಯ ಲವಂಗದೆಣ್ಣೆ, ನನ್ನ ಹಲ್ಲಿನ ಕಡ್ಡಿ

ರೂಟ್ ಕೆನಾಲ್ ಮಾಡಿಸಿಕೊಂಡಿದ್ದ ಹಲ್ಲಿನೊಳಗೆ ಕೂರಿಸಿದ್ದ ಗಾಜುನಾರಿನ ಕಡ್ಡಿ, ಮೇಲಿನ ಕ್ಯಾಪಿನ ಸಮೇತ, ಕೊಬ್ಬರಿ ಬೆಲ್ಲ ಅಗಿಯುವಾಗ ಕಿತ್ತು ಬಂತು. ಕೂರಿಸಿ ಎರಡು ತಿಂಗಳೂ ಆಗಿರಲಿಲ್ಲ. ಮಾರನೆಯ ದಿನ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನೊಣವಿನಕೆರೆಯಲ್ಲಿ ತಿಪಟೂರಿನ ಬಸ್ಸು ಹತ್ತಿದೆ. ಅತ್ತೆಯೂ ಜೊತೆಗೆ ಹೊರಟರು.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅಂಟೆಲ್ಲ ಕಡ್ಡಿಯಲ್ಲೇ ಉಳಿದಿತ್ತು. ಹಲ್ಲಿನ ಗೋಡೆ ಅದನ್ನು ಹಿಡಿದುಕೊಂಡೇ ಇರಲಿಲ್ಲ.

"ಬೇರಿನ ಗೋಡೆ ತೆಳ್ಳಗಿದೆ ಅಕ್ಕ. ಇನ್ನೊಂದೇ ಸಲ ಕೂರಿಸಬಹುದು. ಅದೂ ಬಿಟ್ಕೊಂಡ್ರೆ ಹಲ್ಲು ಕೀಳಬೇಕಾಗುತ್ತೆ."

ಎಡಗಡೆಯ ದವಡೆ ಹಲ್ಲುಗಳನ್ನು ನಾನು ಮಕ್ಕಳು ಸಣ್ಣವರಿದ್ದಾಗಲೇ ಕಳೆದುಕೊಂಡಿದ್ದೆ. ಅಗಿಯಲು ಉಳಿದಿದ್ದು ಬಲಗಡೆಯೊಂದೇ. ಯಾಕೆ ಹಿಡಿಯಲಿಲ್ಲ ಎಂದು ಕೇಳಿದೆ.

"ಒಳಗೆ ಎಂಜಲು ಸೋಕಿದ್ರೆ ಹಿಡಿಯಲ್ಲ, ಹಳೇ ಔಷಧ ಗೋಡೇಲಿ ಉಳಿದ್ರೂ ಹಿಡಿಯಲ್ಲ. ನಾನು ಎಲ್ಲ ನೋಡ್ಕೊಂಡೇ ಮಾಡಿದ್ದೆ. ನೀವು ಮನೇಲಿ ಏನಾದ್ರೂ ಹಾಕಿದ್ರಾ?"

ನಾನು ಅತ್ತೆಯ ಕಡೆ ನೋಡಲಿಲ್ಲ. ಮೊದಲ ಸಲ ಕಡ್ಡಿ ಕೂರಿಸುವ ಹಿಂದಿನ ದಿನ, ತೂತಿಗೆ ಹಾಕಿದ್ದ ತಾತ್ಕಾಲಿಕ ಸಿಮೆಂಟು ಉದುರಿ ಹೋಗಿತ್ತು. ನೋವೇನೂ ಇರಲಿಲ್ಲ. ಆದರೆ ತೂತು ಬಾಯಿ ತೆರೆದುಕೊಂಡಿರುವುದನ್ನು ಅತ್ತೆ ಸಹಿಸರು. ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ತಾವೇ ಒತ್ತಿದ್ದರು. ಬೆಳಗ್ಗೆ ಹತ್ತಿ ತೆಗೆದು, ಬಾಯಿ ಮುಕ್ಕಳಿಸಿ ಬಂದಿದ್ದೆ. ಈಗ ಹೇಳಿದರೆ ಬೈಗುಳ ಅವರಿಗೆ ಬೀಳುತ್ತದೆಂದು ತೆಪ್ಪಗಿದ್ದೆ.

ಅತ್ತೆ ಬೆಂಚಿನ ಮೇಲಿಂದಲೇ ಹೇಳಿದರು: "ಅವಳೇನ್ ಹಾಕ್ತಾಳೆ? ಲವಂಗದೆಣ್ಣೆ ನಾನೇ ಹಾಕ್ದೆ ಕಣವ್ವ. ಅವತ್ತೂ ಹಾಕಿದ್ದೆ, ನೆನ್ನೆನೂ ಹಾಕಿದೀನಿ. ಒಳ್ಳೇದಲ್ವಾ?"

ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟು ನಕ್ಕುಬಿಟ್ಟರು. "ನೋವಿಗೆ ಒಳ್ಳೇದೇ ಅಜ್ಜಿ. ಆದ್ರೆ ಆ ಎಣ್ಣೆ ಹಲ್ಲಿನ ಗೋಡೆಗೆ ಇಂಗುತ್ತೆ. ಅದಿದ್ರೆ ಈ ಅಂಟು ಸರಿಯಾಗಿ ಗಟ್ಟಿಯಾಗಲ್ಲ."

ಅತ್ತೆಯ ಮುಖ ಸಪ್ಪಗಾಯಿತು. ಚೀಲದ ಹಿಡಿಯನ್ನು ಸುತ್ತುತ್ತ ಹೇಳಿದರು:

"ಹಂಗಾದ್ರೆ ಇವತ್ತು ಕೂರಿಸ್ಬೇಡ ಬುಡವ್ವ. ಕೊಬ್ರಿ ಆಗ್ಲಿ ಅಂತ ಅಟ್ಟಕ್ಕೆ ಹಾಕಿದ್ ಕಾಯಿನ ನೀರಿರೋವಾಗ್ಲೇ ಒಡುದ್ರೆ ಅತ್ಲಾಗೆ ಕೊಬ್ರಿನೂ ಅಲ್ಲ, ಇತ್ಲಾಗೆ ಕಾಯೂ ಅಲ್ಲ. ಅದುಕ್ಕೆ ನಾವು ವರ್ಷ ಕಾಯ್ತೀವಿ."

"ಇದಕ್ಕೆ ವಾರ ಸಾಕು ಅಜ್ಜಿ," ಎಂದು ಡಾಕ್ಟರು ತೂತನ್ನು ತೊಳೆದು, ಲವಂಗದ ಅಂಶವಿಲ್ಲದ ಸಿಮೆಂಟು ತುಂಬಿ ಕಳಿಸಿದರು.

ಆ ವಾರ ಮನೆಯಲ್ಲಿ ಮುದ್ದೆ, ಬಸ್ಸಾರು. ಲವಂಗದೆಣ್ಣೆಯ ಸೀಸೆ ಗೂಡಿನಲ್ಲಿ ಕಾಣಲಿಲ್ಲ.

ಮತ್ತೆ ಹೋದಾಗ ಡಾಕ್ಟರು ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಬೇರಿನ ಗೋಡೆಯನ್ನು ಇನ್ನೊಮ್ಮೆ ಹಗುರವಾಗಿ ಉಜ್ಜಿ, ತೊಳೆದು, ಸೂಜಿಯಂಥ ಕಾಗದದ ಕಡ್ಡಿಗಳನ್ನು ಒಂದೊಂದಾಗಿ ಇಳಿಸಿ ನೀರು ಹೀರಿಸಿದರು. ಪ್ರತಿ ಕಡ್ಡಿ ಹೊರಬಂದಾಗಲೂ ಅತ್ತೆ ಕತ್ತು ಚಾಚುತ್ತಿದ್ದರು.

"ಒಣಗ್ತಾ?"

"ತೀರಾ ಒಣಗಿಸಿದ್ರೂ ಹಿಡಿಯಲ್ಲ ಅಜ್ಜಿ. ಒಂಚೂರು ಪಸೆ ಇರಬೇಕು."

"ನಿನ್ ಕೆಲ್ಸ ಕೊಬ್ರಿಗಿಂತ ನಾಜೂಕು ಕಣವ್ವ."

ಬಾಯಿ ತೆರೆದುಕೊಂಡಿದ್ದ ನನಗೆ ನಗಲೂ ಆಗಲಿಲ್ಲ. ಅಂಟು ತುಂಬಿ, ಹೊಸ ಕಡ್ಡಿ ಇಳಿಸಿ, ನೀಲಿ ಬೆಳಕು ಹಿಡಿದರು. ಬೆಳಕು ಬೇರಿನ ತಳದವರೆಗೆ ಮುಟ್ಟುವುದಿಲ್ಲ, ಅಲ್ಲಿ ಅಂಟು ತಾನೇ ಗಟ್ಟಿಯಾಗಬೇಕು, ಇವತ್ತು ಈ ಕಡೆ ಅಗಿಯಬೇಡಿ ಎಂದರು. ಆಮೇಲೊಂದು ದಿನ ಕ್ಯಾಪನ್ನೂ ಕೂರಿಸಿದರು.

ಆ ತಿಂಗಳು ಅಟ್ಟಕ್ಕೆ ಹಾಕಿದ ಕಾಯಿ ವರ್ಷವಿಡೀ ಒಣಗಿ, ಮೊನ್ನೆ ಕೆಳಗಿಳಿದವು. ಅತ್ತೆ ಒಂದನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಡೆದು, ಚೂರೊಂದನ್ನು ನನ್ನ ಕೈಗಿಟ್ಟರು.

"ಬಲಗಡೇಲೇ ಅಗಿ ನೋಡಾನ."

ಅಗಿದೆ. ನುಂಗುವವರೆಗೂ ನನ್ನ ದವಡೆಯನ್ನೇ ನೋಡುತ್ತಿದ್ದರು. ಆಮೇಲೆ ಇನ್ನೊಂದು ಚೂರು ಕೊಟ್ಟರು, ಮೊದಲಿನದಕ್ಕಿಂತ ದೊಡ್ಡದು.